ಹಳದಿ ದೀಪದ ಕಿರಿಕಿರಿ: ಘಟ್ಟದ ಕಾರಿಗೆ ಗಾಳಿ ಯಾವಾಗ, ಎಷ್ಟು?

ಡಿಸೆಂಬರ್ ಬಂತೆಂದರೆ ತೀರ್ಥಹಳ್ಳಿ, ಹೊಸನಗರ, ಸಾಗರದ ಪಂಕ್ಚರ್ ಶಾಪುಗಳಿಗೆ ಬೆಳಗ್ಗೆ ಬರುವ ಕಾರುಗಳಲ್ಲಿ ಕೆಲವಕ್ಕೆ ಪಂಕ್ಚರೇ ಆಗಿರುವುದಿಲ್ಲ. ಡ್ಯಾಶ್‌ಬೋರ್ಡಿನಲ್ಲಿ ಕುದುರೆ ಲಾಳದಂಥ ಗುರುತಿನ ನಡುವೆ ಆಶ್ಚರ್ಯಚಿಹ್ನೆ ಇರುವ ಹಳದಿ ದೀಪ ಹೊತ್ತಿಕೊಂಡಿರುತ್ತದೆ, ಅಷ್ಟೆ. ‘ಹೋದ ವಾರ ತಾನೆ ಗಾಳಿ ಹೊಡಿಸಿದ್ದೆ’ ಎಂದು ಮಾಲೀಕರು ಗೊಣಗುತ್ತಾರೆ. ಶಾಪಿನವರು ಚಕ್ರಗಳನ್ನು ನೀರಿಗೆ ಅದ್ದಿ, ಗುಳ್ಳೆ ಕಾಣದೆ, ಕೈ ಒರೆಸಿಕೊಳ್ಳುತ್ತಾರೆ. ಹೀಗೇ ಒಂದೆರಡು ಚಳಿಗಾಲ ಕಳೆಯುವಷ್ಟರಲ್ಲಿ ಬಹಳ ಮಂದಿ ಆ ದೀಪದ ಕಡೆ ನೋಡುವುದನ್ನೇ ಬಿಟ್ಟುಬಿಡುತ್ತಾರೆ.

ಟಯರಿನ ಗಾಳಿಯ ಒತ್ತಡ ಕಾಯುವ ಈ ಟಿಪಿಎಂಎಸ್ ವ್ಯವಸ್ಥೆಯ ಮೇಲೆ ನಮ್ಮ ಭಾಗದ ಚಾಲಕರ ದೂರುಗಳು ಸುಳ್ಳಲ್ಲ. ಆದರೆ ಅವುಗಳಲ್ಲಿ ಅರ್ಧಕ್ಕರ್ಧ ಹುಟ್ಟುವುದು ನಾವು ಗಾಳಿ ಹೊಡಿಸುವ ಹೊತ್ತು ಮತ್ತು ಜಾಗದಿಂದ. ಅದನ್ನು ಸರಿಪಡಿಸಿಕೊಳ್ಳಲು ಕಂಪನಿ ಶೋರೂಮೇನೂ ಬೇಕಿಲ್ಲ.

ನಿಮ್ಮ ಕಾರಿನಲ್ಲಿರುವುದು ಯಾವ ಬಗೆ?

ಮೊದಲು ಇದನ್ನು ತಿಳಿದುಕೊಳ್ಳಿ. ಪರದೆಯ ಮೇಲೆ ನಾಲ್ಕು ಟಯರಿನ ಅಂಕಿ ಬೇರೆಬೇರೆಯಾಗಿ ಕಂಡರೆ ಅದು ನೇರ ಬಗೆ. ಪ್ರತಿ ಚಕ್ರದೊಳಗೆ, ಸಾಮಾನ್ಯವಾಗಿ ವಾಲ್ವ್‌ನ ಬುಡದಲ್ಲಿ, ಸೆನ್ಸರ್ ಕೂತಿದ್ದು ರೇಡಿಯೊ ಮೂಲಕ ಲೆಕ್ಕ ಒಪ್ಪಿಸುತ್ತಿರುತ್ತದೆ. ಅಂಕಿಯಿಲ್ಲದೆ ದೀಪ ಮಾತ್ರ ಇದ್ದು, ಮೆನುವಿನಲ್ಲೋ ಗುಂಡಿಯಲ್ಲೋ ‘ಸೆಟ್’ ಎಂಬುದು ಕಂಡರೆ ಬಹುಮಟ್ಟಿಗೆ ಪರೋಕ್ಷ ಬಗೆ. ಅದರಲ್ಲಿ ಗಾಳಿ ಅಳೆಯುವ ಸಾಧನವೇ ಇಲ್ಲ! ಗಾಳಿ ಇಳಿದ ಚಕ್ರ ಸುತ್ತಳತೆಯಲ್ಲಿ ಕೊಂಚ ಕುಗ್ಗಿ, ಉಳಿದವಕ್ಕಿಂತ ವೇಗವಾಗಿ ಸುತ್ತುತ್ತದೆ. ಎಬಿಎಸ್ ಬ್ರೇಕಿನ ಸೆನ್ಸರ್‌ಗಳು ಅದನ್ನು ಎಣಿಸಿ ಅನುಮಾನಪಡುತ್ತವೆ. ಕೆಸರಿನ ತೋಟದ ದಾರಿಯಲ್ಲಿ ಒಂದೇ ಚಕ್ರ ಜಾರುತ್ತಿದ್ದರೆ ಅದಕ್ಕೂ ಇದು ಗೊಂದಲಗೊಳ್ಳಬಹುದು. ಮಳೆಗಾಲದಲ್ಲಿ ಕೊಟ್ಟಿಗೆ ಪಕ್ಕ ತಿಂಗಳುಗಟ್ಟಲೆ ನಿಂತ ಕಾರಿನ ನಾಲ್ಕೂ ಟಯರು ಒಟ್ಟಿಗೇ ಇಳಿದಿದ್ದರೆ ಬೇಗ ಗೊತ್ತಾಗುವುದೂ ಇಲ್ಲ.

ಎರಡು ಬಗೆಗೂ ಒಂದು ಮಿತಿ ಇದೆ. ಅಮೆರಿಕದಲ್ಲಿ ಫೋರ್ಡ್ ಕಾರುಗಳ ಫೈರ್‌ಸ್ಟೋನ್ ಟಯರುಗಳ ಹಗರಣದ ನಂತರ, 2000ದಲ್ಲಿ ಬಂದ ಕಾನೂನಿನಿಂದ ಈ ದೀಪ ಅಲ್ಲಿ ಕಡ್ಡಾಯವಾಯಿತು. ಅಲ್ಲಿನ ನಿಯಮದಂತೆ ನಿಗದಿತ ಒತ್ತಡಕ್ಕಿಂತ ಶೇ 25ರಷ್ಟು ಇಳಿದಾಗ ಎಚ್ಚರಿಸಿದರೆ ಸಾಕು. ಆ ಲೆಕ್ಕದಲ್ಲಿ 33 ಪಾಯಿಂಟ್ (ಪಿಎಸ್‌ಐ) ಇರಬೇಕಾದ ಟಯರು 26ಕ್ಕೆ ಬಂದರೂ ದೀಪ ಸುಮ್ಮನಿರಬಹುದು. ದೀಪ ಹೊತ್ತಿಲ್ಲ ಎಂದ ಮಾತ್ರಕ್ಕೆ ಗಾಳಿ ಸರಿಯಿದೆ ಎಂದುಕೊಳ್ಳಬೇಡಿ.

ಗಾಳಿ ನೋಡುವುದು ಬೆಳಗ್ಗೆ, ಮನೆಯಂಗಳದಲ್ಲಿ

ಚಾಲಕನ ಬಾಗಿಲು ತೆಗೆದರೆ ಸಾಮಾನ್ಯವಾಗಿ ಅದರ ಚೌಕಟ್ಟಿನ ಮೇಲೆ ಒಂದು ಸ್ಟಿಕರ್ ಇರುತ್ತದೆ. ಪಾಲಿಸಬೇಕಾದ ಅಂಕಿ ಅದು. ಟಯರಿನ ಪಕ್ಕದಲ್ಲಿ ಅಚ್ಚಾಗಿರುವುದು ಆ ಟಯರಿನ ಗರಿಷ್ಠ ಮಿತಿ, ಅದನ್ನು ಮರೆತುಬಿಡಿ. ಸ್ಟಿಕರಿನ ಅಂಕಿ ತಣ್ಣಗಿರುವ ಟಯರಿನದು. ತಣ್ಣಗೆ ಎಂದರೆ ಮೂರು ಗಂಟೆಯಾದರೂ ನಿಂತಿದ್ದ, ಹೆಚ್ಚೆಂದರೆ ಒಂದೆರಡು ಕಿಲೋಮೀಟರ್ ಓಡಿದ ಟಯರು.

ಘಟ್ಟದವರ ತಾಪತ್ರಯ ಶುರುವಾಗುವುದು ಇಲ್ಲೇ. ಹೊಸನಗರದಲ್ಲಿ ಚಳಿಗಾಲದ ಬೆಳಗ್ಗೆ 15 ಡಿಗ್ರಿಯಲ್ಲಿ 33 ಪಾಯಿಂಟ್ ಇದ್ದ ಕಾರು ಹುಲಿಕಲ್ ಘಾಟಿ ಇಳಿದು ಮಧ್ಯಾಹ್ನ ಕುಂದಾಪುರ ಸೇರುತ್ತದೆ ಎಂದುಕೊಳ್ಳಿ. ಓಟ, ಬ್ರೇಕಿನ ಕಾವು, ಕರಾವಳಿಯ ಬಿಸಿಲು ಎಲ್ಲ ಸೇರಿ ಒಳಗಿನ ಗಾಳಿ 50 ಡಿಗ್ರಿಗೆ ಏರಿರಬಹುದು. ಪರದೆಯಲ್ಲಿ 37–38 ಕಾಣುತ್ತದೆ. ‘ಅಯ್ಯೋ, ಜಾಸ್ತಿಯಾಯಿತು’ ಎಂದು ಬಂಕಿನಲ್ಲಿ ಇಳಿಸಿ 33ಕ್ಕೆ ತರುತ್ತೇವೆ. ಅದೇ ಕಾರು ಮರುದಿನ ಬೆಳಗ್ಗೆ ಹೊಸನಗರದ ಚಳಿಯಲ್ಲಿ 29ರ ಆಸುಪಾಸು ತೋರಿಸುತ್ತದೆ. ಸೋರಿಕೆ ಎಲ್ಲೂ ಇಲ್ಲ. ಟಯರು ತನ್ನಷ್ಟಕ್ಕೇ ತಿಂಗಳಿಗೆ ಒಂದು ಪಾಯಿಂಟಿನಷ್ಟು ಕಳೆದುಕೊಳ್ಳುತ್ತದೆ. ಅದಕ್ಕೆ ಯಾವುದೋ ಶಾಪಿನ ಹಳೇ ಮೀಟರಿನ ತಪ್ಪೂ ಸೇರಿದರೆ ಸಂಕ್ರಾಂತಿಯ ಹೊತ್ತಿಗೆ ಹಳದಿ ದೀಪ ಹೊತ್ತುತ್ತದೆ. ಆಗ ಬೈಸಿಕೊಳ್ಳುವುದು ಸೆನ್ಸರ್.

ಅಂದಾಜಿಗೆ ಹೀಗೆ ನೆನಪಿಡಿ: ಉಷ್ಣತೆ 10 ಡಿಗ್ರಿ ಇಳಿದರೆ ಗಾಳಿ ಒಂದೂವರೆ ಪಾಯಿಂಟಿನಷ್ಟು ಇಳಿಯುತ್ತದೆ. ಎತ್ತರದ್ದೂ ಒಂದು ಲೆಕ್ಕ ಇದೆ. ನಮ್ಮ ಊರುಗಳು ಸಮುದ್ರಮಟ್ಟದಿಂದ ಸುಮಾರು 600 ಮೀಟರ್ ಮೇಲಿವೆ, ಕೆಳಗೆ ಹೊರಗಿನ ವಾತಾವರಣದ ಒತ್ತಡ ಹೆಚ್ಚು. ಆದ್ದರಿಂದ ಉಷ್ಣತೆ ಬದಲಾಗದಿದ್ದರೂ ಘಟ್ಟ ಇಳಿದಾಗ ಮೀಟರು ಒಂದು ಪಾಯಿಂಟ್ ಕಡಿಮೆ ತೋರಿಸೀತು. ಇದಕ್ಕಾಗಿ ತಲೆ ಕೆಡಿಸಿಕೊಳ್ಳಬೇಕಿಲ್ಲ. ಬಿಸಿ ಟಯರಿನಿಂದ ಗಾಳಿ ತೆಗೆಯಬೇಡಿ, ಅಷ್ಟು ಸಾಕು.

ಒಂದು ಒಳ್ಳೆಯ ಗೇಜು, ಸಿಗರೇಟ್ ಲೈಟರ್ ಸಾಕೆಟ್ಟಿಗೆ ಸಿಕ್ಕಿಸುವ ಸಣ್ಣ ಕಂಪ್ರೆಸರ್ ಮನೆಯಲ್ಲಿರಲಿ. ಹದಿನೈದು ದಿನಕ್ಕೊಮ್ಮೆ, ಕಾಫಿಗೆ ಮುಂಚೆ ಅಳೆಯಿರಿ. ಊರೂರಿನ ಮೀಟರುಗಳು ಒಂದಕ್ಕೊಂದು ತಾಳೆಯಾಗದಿರಬಹುದು, ಆದರೆ ಯಾವಾಗಲೂ ಒಂದೇ ಗೇಜು ಬಳಸಿದರೆ ಏರಿಳಿತ ಕಣ್ಣಿಗೆ ಬೀಳುತ್ತದೆ. ನೈಟ್ರೋಜನ್ ತುಂಬಿಸಿದರೆ ಈ ತೊಂದರೆಯೇ ಇಲ್ಲ ಎನ್ನುವವರಿದ್ದಾರೆ. ಸಾದಾ ಗಾಳಿಯಲ್ಲೇ ಶೇ 78ರಷ್ಟು ನೈಟ್ರೋಜನ್ ಇದೆ, ಚಳಿಗೆ ಅದೂ ಅಷ್ಟೇ ಕುಗ್ಗುತ್ತದೆ. ದುಡ್ಡು ಕೊಡುವಷ್ಟು ಲಾಭ ನನಗಂತೂ ಕಾಣುವುದಿಲ್ಲ.

ಅಡಿಕೆ ಮಂಡಿಗೆ ಹೋಗುವವರಿಗೆ ಇನ್ನೊಂದು ಮಾತು. ಡಿಕ್ಕಿಯಲ್ಲಿ ಎರಡು ಮೂಟೆ, ಹಿಂದೆ ಮೂವರು ಕೂತರೆ ಹಿಂದಿನ ಟಯರಿಗೆ ಬೇರೆ ಅಂಕಿ ಬೇಕು. ಸ್ಟಿಕರಿನಲ್ಲಿ ತುಂಬಿದ ಗಾಡಿಯ ಅಂಕಿ ಪಕ್ಕದಲ್ಲೇ ಇರುತ್ತದೆ. ಹೊರೆ ಎಷ್ಟೆಂದು ಟಿಪಿಎಂಎಸ್‌ಗೆ ಗೊತ್ತಾಗುವುದಿಲ್ಲ, ಅದು ಹೇಳುವುದೂ ಇಲ್ಲ.

ತುಂಬಿದ ಮೇಲೂ ದೀಪ ಆರದಿದ್ದರೆ

ನೇರ ಬಗೆಯ ಸೆನ್ಸರ್‌ಗಳು ಬ್ಯಾಟರಿ ಉಳಿಸಲು ನಿಂತಾಗ ನಿದ್ದೆ ಹೋಗುತ್ತವೆ. ಕಾರು ಓಡಿ ಸ್ವಲ್ಪ ವೇಗ ಹಿಡಿದ ಮೇಲಷ್ಟೇ ಹೊಸ ಅಂಕಿ ಬರುತ್ತದೆ. ಬಂಕಿನಲ್ಲೇ ನಿಂತು ‘ಇನ್ನೂ ಹೊಡಿ’ ಎನ್ನಬೇಡಿ. ನಾಲ್ಕಾರು ಕಿಲೋಮೀಟರ್ ಓಡಿಸಿ ನೋಡಿ. ಪರೋಕ್ಷ ಬಗೆಯಾದರೆ ಗಾಳಿ ಸರಿಮಾಡಿದ ಪ್ರತಿ ಸಲವೂ, ಟಯರು ಬದಲಿಸಿದಾಗಲೂ ಸೆಟ್ ಒತ್ತಲೇಬೇಕು. ಗಾಳಿ ಕಡಿಮೆಯಿರುವಾಗ ಒತ್ತಿದರೆ ಅದೇ ಸರಿಯಾದ ಮಟ್ಟ ಎಂದು ಅದು ಕಲಿತುಬಿಡುತ್ತದೆ. ದೀಪದ ಕಾಟ ತಪ್ಪಿಸಲು ಹೀಗೆ ಒತ್ತಿಟ್ಟುಕೊಂಡು ಓಡಾಡುವವರೂ ಇದ್ದಾರೆ!

ಕಾರು ಶುರುಮಾಡಿದಾಗ ದೀಪ ಒಂದು ನಿಮಿಷದಷ್ಟು ಮಿನುಗಿ ಆಮೇಲೆ ನಿಂತು ಉರಿದರೆ ಅದರ ಅರ್ಥವೇ ಬೇರೆ. ಅಲ್ಲಿ ಕೆಟ್ಟಿರುವುದು ವ್ಯವಸ್ಥೆ. ಸೆನ್ಸರ್‌ನ ಬ್ಯಾಟರಿ ಐದರಿಂದ ಹತ್ತು ವರ್ಷ ಬಾಳುತ್ತದೆ, ಸಾಮಾನ್ಯವಾಗಿ ಅದನ್ನು ಮಾತ್ರ ಬದಲಿಸಲು ಬರುವುದಿಲ್ಲ, ಸೆನ್ಸರೇ ಹೊಸದಾಗಬೇಕು. ಇದಕ್ಕಾಗಿ ಶಿವಮೊಗ್ಗಕ್ಕೆ ಹೋಗುವುದಿದ್ದರೆ ಟಯರು ಬದಲಿಸುವ ದಿನಕ್ಕೇ ಇಟ್ಟುಕೊಳ್ಳಿ, ಚಕ್ರ ಬಿಚ್ಚುವ ಕೂಲಿ ಒಂದೇ ಸಲಕ್ಕೆ ಮುಗಿಯುತ್ತದೆ.

ಘಾಟಿಯಲ್ಲಿ ಹೊತ್ತಿಕೊಂಡರೆ

ಆಗುಂಬೆಯ ಹೇರ್‌ಪಿನ್ ತಿರುವುಗಳ ನಡುವೆ ದೀಪ ಬಂತು ಎಂದಿಟ್ಟುಕೊಳ್ಳಿ. ಜೋರಾಗಿ ಬ್ರೇಕ್ ಹಾಕಬೇಡಿ. ಸ್ಟೇರಿಂಗ್ ಒಂದು ಪಕ್ಕಕ್ಕೆ ಎಳೆಯುತ್ತಿದೆಯೇ, ಅಂಕಿ ಕಣ್ಣೆದುರೇ ಇಳಿಯುತ್ತಿದೆಯೇ ಗಮನಿಸಿ. ಎರಡೂ ಇಲ್ಲದಿದ್ದರೆ, ಅಂಕಿ 26–27ರಲ್ಲಿ ನಿಂತಿದ್ದರೆ, ನಿಧಾನವಾಗಿ ಮುಂದಿನ ಊರು ಸೇರಬಹುದು. ಇಳಿಯುತ್ತಲೇ ಇದ್ದರೆ ತಿರುವು ದಾಟಿ ಮೊದಲು ಸಿಗುವ ಅಗಲ ಜಾಗದಲ್ಲಿ ನಿಲ್ಲಿಸಿ, ನಾಲ್ಕೂ ಇಂಡಿಕೇಟರ್ ಹಾಕಿ. ಮಂಜು ಕವಿದಿದ್ದರೆ ಎಲ್ಲರನ್ನೂ ಇಳಿಸಿ ರಸ್ತೆಯಿಂದ ದೂರ ನಿಲ್ಲಿಸಿ. 20ಕ್ಕಿಂತ ಕೆಳಗೆ ಓಡಿಸಿದರೆ ಟಯರಿನ ಪಕ್ಕೆ ಹಾಳಾಗುತ್ತದೆ, ಆಮೇಲೆ ಪ್ಯಾಚು ಹಾಕಿ ಉಪಯೋಗವಿಲ್ಲ. ಟ್ಯೂಬ್‌ಲೆಸ್ ಟಯರಿಗೆ ಮೊಳೆ ಚುಚ್ಚಿದ್ದರೆ ಅಲ್ಲೇ ಕೀಳಬೇಡಿ. ಕಂಪ್ರೆಸರ್‌ನಿಂದ ಗಾಳಿ ತುಂಬಿಕೊಂಡು, ಇಳಿಯುವಷ್ಟರಲ್ಲಿ ಪಂಕ್ಚರ್ ಶಾಪ್ ತಲುಪಬಹುದು. ಕಾರು ಉರುಳದಂತೆ ಚಕ್ರಕ್ಕೆ ಕಲ್ಲು ಕೊಟ್ಟಿದ್ದರೆ, ಹೊರಡುವಾಗ ಅದನ್ನು ದಾರಿಯಿಂದ ಎತ್ತಿಹಾಕಿ. ನಮ್ಮ ಘಾಟಿಗಳಲ್ಲಿ ಮುಂದಿನವರ ಟಯರು ಒಡೆಯುವುದೇ ಇಂಥ ಕಲ್ಲುಗಳಿಗೆ.

ಪಂಕ್ಚರ್ ಶಾಪಿನಲ್ಲಿ ಮೊದಲು ಹೇಳಬೇಕಾದ್ದು: ‘ಒಳಗೆ ಸೆನ್ಸರ್ ಇದೆ.’ ಪಟ್ಟಿ ಹಾಕಿ ಟಯರು ಬಿಚ್ಚುವಾಗ ವಾಲ್ವ್‌ನ ಪಕ್ಕದಲ್ಲಿ ಶುರುಮಾಡಿದರೆ ಸೆನ್ಸರ್ ಮುರಿಯುತ್ತದೆ. ಒಳಗೆ ಸುರಿಯುವ ಪಂಕ್ಚರ್ ದ್ರವವೂ ಕೆಲವು ಸೆನ್ಸರ್‌ಗಳ ಸಣ್ಣ ರಂಧ್ರ ಮುಚ್ಚಿಬಿಡುತ್ತದೆ. ಕೈಪಿಡಿ ಒಪ್ಪಿದರೆ ಮಾತ್ರ ಹಾಕಿಸಿ. ಅಲ್ಯೂಮಿನಿಯಂ ವಾಲ್ವ್ ಇದ್ದರೆ ಮಿರಿಮಿರಿ ಲೋಹದ ಮುಚ್ಚಳ ಬೇಡ. ನಮ್ಮ ಮಳೆಗೆ ಎರಡೂ ಕಚ್ಚಿಕೊಂಡು, ತಿರುಗಿಸುವಾಗ ವಾಲ್ವೇ ಮುರಿದು ಬರಬಹುದು. ಪ್ಲಾಸ್ಟಿಕ್ ಮುಚ್ಚಳವೇ ವಾಸಿ.

ಸ್ಟೆಪ್ನಿ ಇದೆಯೇ?

ಟ್ಯೂಬ್‌ಲೆಸ್ ಟಯರು, ಟಿಪಿಎಂಎಸ್ ಮತ್ತು ಪಂಕ್ಚರ್ ಕಿಟ್ ಇದ್ದರೆ ಮೂರೂವರೆ ಟನ್ ಒಳಗಿನ ಕಾರುಗಳಿಗೆ ಸ್ಟೆಪ್ನಿ ಕಡ್ಡಾಯವಲ್ಲ ಎಂದು 2020ರಲ್ಲಿ ಕೇಂದ್ರ ಸರ್ಕಾರ ನಿಯಮ ತಿದ್ದಿತು. ಅದೇ ಅಕ್ಟೋಬರ್ 1ರಿಂದ ಅದು ಜಾರಿಯಲ್ಲಿದೆ. ನಗರದವರಿಗೆ ಇದು ಒಪ್ಪೀತು, ನಮ್ಮ ಕಡೆಯ ಮಾತು ಬೇರೆ. ಅಂಬಾರಗೋಡ್ಲು–ಕಳಸವಳ್ಳಿ ಸೇತುವೆ 2025ರ ಜುಲೈನಲ್ಲಿ ತೆರೆದ ಮೇಲೆ ಲಾಂಚಿಗೆ ಕಾಯದೆ ರಾತ್ರಿಯೂ ತುಮರಿ ಕಡೆಗೆ ಹೋಗಿಬರುತ್ತೇವೆ. ಮಾಸ್ತಿಕಟ್ಟೆ, ಯಡೂರು ಕಡೆ ಫೋನು ಸಿಗದ ಕಾಡುದಾರಿಗಳಿವೆ. ಟಯರಿನ ಪಕ್ಕೆ ಹರಿದರೆ ಕಿಟ್ ಏನೂ ಮಾಡಲಾರದು. ಹೊಸ ಕಾರು ಬುಕ್ ಮಾಡುವಾಗ ಸನ್‌ರೂಫ್‌ಗಿಂತ ಮೊದಲು ಸ್ಟೆಪ್ನಿಯ ವಿಚಾರ ಕೇಳಿ.

ಇದ್ದರೂ ಎರಡು ಸಂಗತಿ ಗೊತ್ತಿರಲಿ. ಸ್ಟೆಪ್ನಿಯಲ್ಲಿ ಬಹುಪಾಲು ಸೆನ್ಸರ್ ಇರುವುದಿಲ್ಲ, ಅದನ್ನು ಹಾಕಿಕೊಂಡಷ್ಟು ದಿನ ದೀಪ ಉರಿಯುವುದು ಸಹಜ. ಹೊಸ ಕಾರುಗಳ ಸಣಕಲು ಸ್ಟೆಪ್ನಿಗೆ ಸಾಮಾನ್ಯವಾಗಿ 60 ಪಾಯಿಂಟ್ ಗಾಳಿ ಬೇಕು, ಅದರ ಮೇಲೆ ಗಂಟೆಗೆ 80 ಕಿ.ಮೀ. ದಾಟಬಾರದು. ಬಂಕಿನ ಹುಡುಗ ಅಭ್ಯಾಸಬಲದಿಂದ ಅದಕ್ಕೂ 33 ಹೊಡೆದು ಡಿಕ್ಕಿ ಮುಚ್ಚಿಬಿಡುತ್ತಾನೆ. ಪಕ್ಕದಲ್ಲಿ ನಿಂತು, ಟಯರಿನ ಮೇಲೆ ಬರೆದಿರುವ ಅಂಕಿ ತೋರಿಸಿ ಹೊಡಿಸಿ.