ಗಾಳಿಯನ್ನು ಶೋಧಿಸುವ ಎಳೆಗಳು

ಕಿಟಕಿಯ ಸಂದಿನಿಂದ ಬಿಸಿಲುಕೋಲೊಂದು ಕೋಣೆಯೊಳಕ್ಕೆ ಬಿದ್ದಾಗ ಅದರಲ್ಲಿ ಅಸಂಖ್ಯಾತ ಕಣಗಳು ತೇಲಾಡುವುದು ಕಾಣುತ್ತದೆ. ಬಿಸಿಲು ಸರಿದೊಡನೆ ಅವು ಕಣ್ಣಿಗೆ ಮರೆಯಾಗುತ್ತವೆಯೇ ಹೊರತು ಗಾಳಿಯಿಂದ ತೊಲಗುವುದಿಲ್ಲ. ನೂಲಿನ ಚೂರು, ಚರ್ಮದ ಹೊಟ್ಟು, ಹೂವಿನ ಪರಾಗ, ಬೂಷ್ಟಿನ ಬೀಜಕಣ, ಒಲೆಯ ಹೊಗೆ ಇವೆಲ್ಲವೂ ಕೂಡಿ ಮನೆಯ ಧೂಳಾಗುತ್ತದೆ. ಇದರಲ್ಲಿ ದಪ್ಪ ಕಣಗಳು ಬೇಗನೆ ನೆಲಕ್ಕಿಳಿಯುತ್ತವೆ; ಉಸಿರಿನೊಡನೆ ಸೇರಿದರೂ ಬಹುಮಟ್ಟಿಗೆ ಮೂಗಿನಲ್ಲಿಯೇ ತಡೆಯಲ್ಪಡುತ್ತವೆ. ಅತಿ ಸೂಕ್ಷ್ಮವಾದ ಕಣಗಳಾದರೋ ಗಂಟೆಗಟ್ಟಲೆ ತೇಲುತ್ತಿದ್ದು ಶ್ವಾಸಕೋಶದ ಆಳವನ್ನು ಸೇರಬಲ್ಲವು. ಉಬ್ಬಸದ ರೋಗಿಗಳಿಗೆ ಇವು ವಿಶೇಷ ಬಾಧೆಯನ್ನುಂಟುಮಾಡುತ್ತವೆ. ಆದುದರಿಂದ ನೆಲವು ಹೊಳೆಯುವಂತೆ ಗುಡಿಸಿದ ಮಾತ್ರಕ್ಕೆ ಮನೆಯು ಶುಚಿಯಾಯಿತೆಂದು ಹೇಳಲಾಗದು. ಗುಡಿಸಿದ ಧೂಳು ಎಲ್ಲಿಗೆ ಹೋಯಿತು ಎಂಬುದೇ ಮುಖ್ಯವಾದ ಪ್ರಶ್ನೆ.

ಈ ಪ್ರಶ್ನೆಯನ್ನು ಎತ್ತಿಕೊಂಡವರಲ್ಲಿ ಇಂಗ್ಲೆಂಡಿನ ಇಂಜಿನಿಯರನಾದ ಹ್ಯೂಬರ್ಟ್ ಸೆಸಿಲ್ ಬೂತ್ ಒಬ್ಬನು. ಗಾಳಿಯನ್ನು ಊದಿ ಧೂಳೆಬ್ಬಿಸುವ ಯಂತ್ರವೊಂದನ್ನು ಆತನು ಲಂಡನಿನಲ್ಲಿ ಕಂಡನು. ಎದ್ದ ಧೂಳಿನಲ್ಲಿ ಬಹುಭಾಗವು ಮತ್ತೆ ಅಲ್ಲಿಯೇ ಬಂದು ಕೂರುತ್ತಿತ್ತು. ಊದುವುದರ ಬದಲು ಹೀರಬಾರದೇಕೆ ಎಂದು ಯೋಚಿಸಿದ ಆತನು ಕುರ್ಚಿಯ ಮೆತ್ತೆಯ ಮೇಲೆ ಕರವಸ್ತ್ರವನ್ನಿಟ್ಟು ಬಾಯಿಂದ ಗಾಳಿಯನ್ನು ಬಲವಾಗಿ ಎಳೆದುಕೊಂಡನು. ವಸ್ತ್ರದ ಕೆಳಮೈಯಲ್ಲಿ ಧೂಳು ಅಂಟಿಕೊಂಡಿತ್ತು. 1901ರಲ್ಲಿ ಆತನು ಧೂಳು ಹೀರುವ ಯಂತ್ರಕ್ಕೆ ಪೇಟೆಂಟ್ ಪಡೆದನು. ಆದರೆ ಕುದುರೆಗಳು ಎಳೆಯಬೇಕಾಗಿದ್ದ ಆ ಭಾರಿ ಯಂತ್ರವು ಮನೆಯ ಬಳಕೆಗೆ ಒದಗುವಂತಿರಲಿಲ್ಲ. ಅಮೆರಿಕದ ಓಹಾಯೋ ಪ್ರಾಂತದಲ್ಲಿ ಅಂಗಡಿಯೊಂದನ್ನು ಗುಡಿಸುತ್ತಿದ್ದ ಜೇಮ್ಸ್ ಮರ್ರೆ ಸ್ಪ್ಯಾಂಗ್ಲರ್ ಎಂಬ ಉಬ್ಬಸದ ರೋಗಿಯು ಫ್ಯಾನಿನ ಮೋಟಾರು, ಪೊರಕೆಯ ಹಿಡಿ, ದಿಂಬಿನ ಗವುಸು ಇವುಗಳನ್ನು ಜೋಡಿಸಿ ಕೈಯಲ್ಲಿ ಹಿಡಿದು ನಡೆಸಬಹುದಾದ ಯಂತ್ರವನ್ನು ರಚಿಸಿದನು. 1908ರಲ್ಲಿ ಅದಕ್ಕೂ ಪೇಟೆಂಟ್ ದೊರೆಯಿತು.

ಈ ಬಗೆಯ ಯಂತ್ರಗಳಲ್ಲಿ ಒಂದು ಕೊರತೆ ಉಳಿದಿತ್ತು. ಹೀರಿದ ಗಾಳಿಯು ಮತ್ತೆ ಹೊರಗೆ ಬರಲೇಬೇಕಷ್ಟೆ. ಬಟ್ಟೆಯ ಚೀಲವು ಕಸವನ್ನೂ ದಪ್ಪ ಧೂಳನ್ನೂ ಹಿಡಿದಿಟ್ಟುಕೊಂಡು ಸೂಕ್ಷ್ಮ ಕಣಗಳನ್ನು ಗಾಳಿಯೊಡನೆ ಹೊರಕ್ಕೆ ಬಿಟ್ಟುಬಿಡುತ್ತಿತ್ತು. ನೆಲದಲ್ಲಿದ್ದ ಧೂಳು ಹೀಗೆ ಮೂಗಿನ ಮಟ್ಟಕ್ಕೆ ಏರುತ್ತಿತ್ತು.

ಇದಕ್ಕೆ ಪರಿಹಾರವು ಮನೆಯಲ್ಲಿ ಹುಟ್ಟಲಿಲ್ಲ. ಎರಡನೆಯ ಮಹಾಯುದ್ಧದ ಕಾಲದಲ್ಲಿ ಅಮೆರಿಕದಲ್ಲಿ ಪರಮಾಣು ಬಾಂಬಿನ ತಯಾರಿಕೆ ನಡೆದಾಗ ವಿಕಿರಣಶೀಲ ಕಣಗಳು ಗಾಳಿಗೆ ಸೇರದಂತೆ ತಡೆಯಬೇಕಾಯಿತು. ಅದಕ್ಕಾಗಿ ರೂಪುಗೊಂಡ ವಾಯುಶೋಧಕವೇ ಮುಂದೆ 'ಹೆಪಾ' ಎಂದು ಹೆಸರಾಯಿತು. ಕಾಲಕ್ರಮದಲ್ಲಿ ಅದು ಆಸ್ಪತ್ರೆಗಳ ಶಸ್ತ್ರಕ್ರಿಯೆಯ ಕೋಣೆಗಳನ್ನೂ ಬಳಿಕ ಮನೆಗಳನ್ನೂ ಪ್ರವೇಶಿಸಿತು. ಅಮೆರಿಕದ ನಿಯಮದಂತೆ ಈ ಶೋಧಕವು 0.3 ಮೈಕ್ರೋಮೀಟರ್ ಗಾತ್ರದ ಕಣಗಳಲ್ಲಿ ಶೇಕಡ 99.97ರಷ್ಟನ್ನು ಹಿಡಿಯಬೇಕು, ಅಂದರೆ 10,000 ಕಣಗಳಲ್ಲಿ 3ಕ್ಕಿಂತ ಹೆಚ್ಚು ಕಣಗಳು ನುಸುಳಕೂಡದು. ಮೈಕ್ರೋಮೀಟರ್ ಎಂದರೆ ಒಂದು ಮಿಲಿಮೀಟರಿನ ಸಾವಿರದ ಒಂದು ಭಾಗ. ಮನುಷ್ಯನ ತಲೆಗೂದಲಿನ ದಪ್ಪವು ಸುಮಾರು 70 ಮೈಕ್ರೋಮೀಟರ್ ಇರುತ್ತದೆ.

ಇಷ್ಟು ಚಿಕ್ಕ ಕಣವನ್ನು ಹಿಡಿಯಬೇಕಾದರೆ ಶೋಧಕದ ರಂಧ್ರಗಳು ಅದಕ್ಕಿಂತಲೂ ಚಿಕ್ಕವಾಗಿರಬೇಕೆಂದು ಯಾರಿಗಾದರೂ ತೋರುವುದು ಸಹಜ. ಹಿಟ್ಟನ್ನು ಜರಡಿ ಹಿಡಿಯುವಾಗ ನಡೆಯುವುದು ಹಾಗೆಯೇ. ಆದರೆ ಹೆಪಾ ಶೋಧಕವು ಜರಡಿಯಲ್ಲ. ಅತಿ ತೆಳುವಾದ ಗಾಜಿನ ಇಲ್ಲವೆ ಪ್ಲಾಸ್ಟಿಕ್ಕಿನ ಎಳೆಗಳು ಅಡ್ಡಾದಿಡ್ಡಿಯಾಗಿ ಹೆಣೆದುಕೊಂಡ ಹಾಳೆ ಅದು. ಎಳೆಗಳ ನಡುವಣ ತೆರಪು ಅನೇಕ ವೇಳೆ ಕಣಕ್ಕಿಂತ ದೊಡ್ಡದಾಗಿರುತ್ತದೆ. ಗಾಳಿಯು ಆ ತೆರಪುಗಳಲ್ಲಿ ಬಳಸಿ ಬಳಸಿ ಸಾಗುವಾಗ ಕಣಗಳು ಮೂರು ಬಗೆಯಲ್ಲಿ ಸೆರೆಯಾಗುತ್ತವೆ.

ವೇಗವಾಗಿ ಓಡುವವನು ಥಟ್ಟನೆ ತಿರುಗಲಾರದೆ ಎದುರಿನ ಗೋಡೆಗೆ ತಾಗುವಂತೆ, ಭಾರವಾದ ಕಣವು ಜಡತ್ವದಿಂದ ನೇರವಾಗಿ ಸಾಗಿ ಎಳೆಗೆ ಬಡಿಯುತ್ತದೆ. ಇದು ಮೊದಲನೆಯ ಬಗೆ. ಹೊಳೆಯಲ್ಲಿ ತೇಲಿಬರುವ ಎಲೆಯು ನೀರಿನೊಡನೆಯೇ ತಿರುಗಿದರೂ ದಡದ ಜೊಂಡಿಗೆ ಅಂಚು ತಗುಲಿ ನಿಲ್ಲುವಂತೆ, ಮಧ್ಯಮ ಗಾತ್ರದ ಕಣವು ಎಳೆಯ ಪಕ್ಕದಲ್ಲಿ ಹಾಯುವಾಗ ತಗುಲಿಕೊಳ್ಳುತ್ತದೆ. ಇದು ಎರಡನೆಯ ಬಗೆ. ಮೂರನೆಯದು ಅತಿ ಚಿಕ್ಕ ಕಣಗಳಿಗೆ ಸಂಬಂಧಿಸಿದ್ದು. ಜಾತ್ರೆಯ ನೂಕುನುಗ್ಗಲಿನಲ್ಲಿ ಸಿಕ್ಕಿದ ಮಗುವು ಅತ್ತಿತ್ತ ತಳ್ಳಲ್ಪಡುವಂತೆ ಇವು ಗಾಳಿಯ ಅಣುಗಳ ಹೊಡೆತಕ್ಕೆ ಸಿಕ್ಕಿ ಅಂಕುಡೊಂಕಾಗಿ ಅಲೆಯುತ್ತವೆ. 1827ರಲ್ಲಿ ರಾಬರ್ಟ್ ಬ್ರೌನ್ ಎಂಬ ಸಸ್ಯವಿಜ್ಞಾನಿಯು ನೀರಿನಲ್ಲಿ ಗಮನಿಸಿದ ಈ ಅಲೆದಾಟಕ್ಕೆ ಬ್ರೌನಿಯನ್ ಚಲನೆ ಎಂದು ಹೆಸರು. ಹೀಗೆ ಅಲೆಯುವ ಕಣವು ಯಾವುದಾದರೊಂದು ಎಳೆಯನ್ನು ಮುಟ್ಟದೆ ಪಾರಾಗುವುದು ಕಷ್ಟ. ಒಮ್ಮೆ ಮುಟ್ಟಿದ ಸೂಕ್ಷ್ಮ ಕಣವು ಅಣುಗಳ ಪರಸ್ಪರ ಆಕರ್ಷಣೆಯಿಂದ ಅಲ್ಲಿಯೇ ಅಂಟಿಕೊಳ್ಳುತ್ತದೆ.

ಇದರಿಂದ ಒಂದು ವಿಚಿತ್ರವಾದ ಫಲ ಉಂಟಾಗುತ್ತದೆ. 0.3 ಮೈಕ್ರೋಮೀಟರಿನ ಆಸುಪಾಸಿನ ಕಣಗಳು ಬಲವಾಗಿ ಬಡಿಯುವಷ್ಟು ಭಾರವಾಗಿಯೂ ಇರುವುದಿಲ್ಲ, ಬಹಳವಾಗಿ ಅಲೆಯುವಷ್ಟು ಹಗುರವಾಗಿಯೂ ಇರುವುದಿಲ್ಲ. ಅವುಗಳನ್ನು ಹಿಡಿಯುವುದೇ ಅತ್ಯಂತ ಕಠಿಣ. ಅವಕ್ಕಿಂತ ದೊಡ್ಡವೂ ಚಿಕ್ಕವೂ ಹೆಚ್ಚು ಸುಲಭವಾಗಿ ಸಿಕ್ಕುತ್ತವೆ. ಆದುದರಿಂದಲೇ ಶೋಧಕವನ್ನು ಆ ಗಾತ್ರದ ಕಣಗಳಿಂದ ಪರೀಕ್ಷಿಸುವ ರೂಢಿ ಬಂದಿದೆ.

ಮನೆಯ ಯಂತ್ರದಲ್ಲಿ ಈ ಹಾಳೆಯನ್ನು ನೆರಿಗೆ ನೆರಿಗೆಯಾಗಿ ಮಡಿಸಿ ಕೂರಿಸುತ್ತಾರೆ. ಇದರಿಂದ ಸ್ವಲ್ಪ ಸ್ಥಳದಲ್ಲಿಯೇ ಹೆಚ್ಚಿನ ವಿಸ್ತಾರ ದೊರೆತು ಗಾಳಿಯು ಸಲೀಸಾಗಿ ಹಾಯುತ್ತದೆ. ಆದರೆ ಶೋಧಕವು ಎಷ್ಟು ಉತ್ತಮವಾಗಿದ್ದರೂ ಯಂತ್ರದ ಸಂದುಗಳಲ್ಲಿ ಗಾಳಿ ಸೋರಿದರೆ ಪ್ರಯೋಜನವಿಲ್ಲ; ಧೂಳು ಸುಲಭವಾದ ದಾರಿಯನ್ನೇ ಹಿಡಿಯುತ್ತದೆ. ಧೂಳು ತುಂಬಿದ ಶೋಧಕದಲ್ಲಿ ಗಾಳಿಯ ಹರಿವು ಕುಗ್ಗುವುದರಿಂದ ಅದನ್ನು ಕಾಲಕಾಲಕ್ಕೆ ಬದಲಿಸಬೇಕು. ತೊಳೆಯಬಹುದೆಂದು ತಯಾರಕರು ತಿಳಿಸಿದ್ದರೆ ಮಾತ್ರ ತೊಳೆಯಬೇಕು. ಅದನ್ನು ಮನೆಯೊಳಗೆ ಕೊಡವಿದರೆ ಹಿಡಿದ ಧೂಳನ್ನೆಲ್ಲ ಮರಳಿ ಬಿಟ್ಟಂತಾಗುತ್ತದೆ. ಅನಿಲಗಳನ್ನೂ ವಾಸನೆಯನ್ನೂ ಹೆಪಾ ತಡೆಯಲಾರದು. ಆದ್ದರಿಂದ ಕಿಟಕಿಗಳನ್ನು ತೆರೆದು ಮನೆಗೆ ಹೊಸ ಗಾಳಿಯನ್ನು ಬರಮಾಡಿಕೊಳ್ಳುವ ಹಳೆಯ ಪದ್ಧತಿಯ ಅಗತ್ಯವು ತಪ್ಪಿಲ್ಲ.

ಕಸವನ್ನು ಕಣ್ಣಿನಿಂದ ಮರೆಮಾಡುವುದು ಬೇರೆ, ಅದನ್ನು ಹಿಡಿದು ಹೊರಹಾಕುವುದು ಬೇರೆ. ಅದೇ ಮನೆಯಲ್ಲಿ ಮಲಗಿರುವ ಮಗುವೂ ಉಬ್ಬಸದಿಂದ ನರಳುವ ಮುದುಕರೂ ಸರಾಗವಾಗಿ ಉಸಿರಾಡುವಂತಾದಾಗಲೇ ಶುಚಿತ್ವದ ಕೆಲಸವು ಪೂರ್ಣವಾಗುತ್ತದೆ.