ಸುಸಲಾ ತಟ್ಟೆಯಲ್ಲಿ ಆಹಾರದ ಘಟಕಗಳು: ಎರಡು ಸಲ ಬೋಧಿಸಿದ ಒಂದು ಪಾಠ

ಪೀಠಿಕೆ

ಬೋಧನಾಭ್ಯಾಸದ ಅವಧಿಯಲ್ಲಿ ಚಿಂಚೋಳಿ ತಾಲೂಕಿನ ಒಂದು ಶಾಲೆಯ ಆರನೆಯ ತರಗತಿಗೆ ‘ಆಹಾರದ ಘಟಕಗಳು’ ಪಾಠವನ್ನು ನಾನು ಎರಡು ಸಲ ಬೋಧಿಸಿದೆ. ಮೊದಲ ಸಲ ಪಾಠಯೋಜನೆಯಲ್ಲಿ ಬರೆದುಕೊಂಡಂತೆಯೇ 40 ನಿಮಿಷಕ್ಕೆ ಸರಿಯಾಗಿ ಮುಗಿಯಿತು. ಎರಡನೆಯ ಸಲ ಎರಡು ಅವಧಿ ಹಿಡಿಯಿತು, ನಡುವೆ ಒಂದು ಪ್ರಯೋಗವೂ ಕೆಟ್ಟಿತು. ಆದರೂ ಮಕ್ಕಳು ಕಲಿತದ್ದು ಎರಡನೆಯ ಸಲವೇ. ಹಾಗೇಕಾಯಿತು ಎಂಬುದನ್ನು ಸಹ ಪ್ರಶಿಕ್ಷಣಾರ್ಥಿಗಳ ಉಪಯೋಗಕ್ಕಾಗಿ ಇಲ್ಲಿ ದಾಖಲಿಸಿದ್ದೇನೆ.

ಮೊದಲ ಪಾಠದಲ್ಲಿ ನಾನು ಮಾಡಿದ ತಪ್ಪು

ಮೊದಲ ಪಾಠಕ್ಕೆ ಒಂದು ದೊಡ್ಡ ನಕ್ಷೆ ಮಾಡಿಕೊಂಡು ಹೋಗಿದ್ದೆ. ಎಡಗಡೆ ‘ಒಳ್ಳೆಯ ಆಹಾರ’, ಬಲಗಡೆ ‘ಕೆಟ್ಟ ಆಹಾರ’ ಎಂದು ಎರಡು ಕಂಬಸಾಲು. ಎಡಗಡೆ ಹಾಲು, ಹಣ್ಣು, ಸೊಪ್ಪು, ಮೊಟ್ಟೆ. ಬಲಗಡೆ ಚಿಪ್ಸ್, ತಂಪು ಪಾನೀಯ, ಮತ್ತು ಸ್ಥಳೀಯ ಉದಾಹರಣೆ ಇರಲಿ ಎಂದು ‘ಬಂಡಿಯ ಸುಸಲಾ-ಮಿರ್ಚಿ’. ಪರಿಸರದಿಂದ ಉದಾಹರಣೆ ಕೊಟ್ಟೆನೆಂಬ ಸಮಾಧಾನವೂ ನನಗಿತ್ತು.

ಹಿಂದಿನ ಬೆಂಚಿನಿಂದ ಒಬ್ಬ ಹುಡುಗ ಪಕ್ಕದ ಸಾಲಿನ ಹುಡುಗಿಯ ಕಡೆ ತಿರುಗಿ, “ನೋಡು, ನಿಮ್ಮವ್ವ ಕೆಟ್ಟದ್ದು ಮಾರ್ತಾಳ” ಎಂದ. ತರಗತಿ ನಕ್ಕಿತು. ಅಲ್ಲಿಯವರೆಗೆ ಪ್ರತಿ ಪ್ರಶ್ನೆಗೂ ಕೈ ಎತ್ತುತ್ತಿದ್ದ ಆ ಹುಡುಗಿ ಆಮೇಲೆ ತಲೆ ಎತ್ತಲಿಲ್ಲ. ಅವಳ ತಾಯಿ ಸುಸಲಾ-ಮಿರ್ಚಿ ಬಂಡಿ ನಡೆಸುತ್ತಾರೆಂದು ನನಗೆ ಗೊತ್ತಿರಲಿಲ್ಲ. ಸದ್ದು ನಿಲ್ಲಿಸಿ ಪಾಠ ಮುಂದುವರಿಸಿದೆ. ಮೌಲ್ಯಮಾಪನದ ಪ್ರಶ್ನೆಗಳಿಗೆ ಮಕ್ಕಳು ಸರಿಯಾಗಿಯೇ ಉತ್ತರಿಸಿದರು.

ಪಾಠ ಮುಗಿದ ಮೇಲೆ ಮಾರ್ಗದರ್ಶಕ ಶಿಕ್ಷಕರು ವೀಕ್ಷಣಾ ಪುಸ್ತಕದಲ್ಲಿ ಬರೆಯುವ ಮೊದಲು ನನ್ನನ್ನು ಒಂದೇ ಪ್ರಶ್ನೆ ಕೇಳಿದರು: “ಆ ಸುಸಲಾ ಕೆಟ್ಟದ್ದು ಅಂತ ಬರದೀರಲ್ಲಾ, ಪರೀಕ್ಷಾ ಮಾಡಿ ನೋಡೀರೇನ್ರಿ?” ನಾನು ಮಾಡಿರಲಿಲ್ಲ. ಆಹಾರದಲ್ಲಿ ಏನಿದೆ ಎಂದು ಪರೀಕ್ಷಿಸಿ ತಿಳಿಯುವುದೇ ಆ ಪಾಠದ ಉದ್ದೇಶ. ನಾನು ಪರೀಕ್ಷೆಗಿಂತ ಮೊದಲೇ ತೀರ್ಪು ಬರೆದು ಗೋಡೆಗೆ ಹಚ್ಚಿದ್ದೆ.

ಎರಡನೆಯ ಪಾಠದ ಸಿದ್ಧತೆ

ಅದೇ ಪಾಠವನ್ನು ಇನ್ನೊಮ್ಮೆ ಬೋಧಿಸಲು ಅನುಮತಿ ಕೇಳಿದೆ. ಈ ಸಲ ಸುಸಲಾವನ್ನೇ ಪಾಠದ ನಡುವೆ ಇಟ್ಟೆ. ನಮ್ಮ ರಾಜ್ಯದಲ್ಲಿ ಮಂಡಕ್ಕಿಯನ್ನು ಊರಿಗೊಂದು ರೀತಿ ಮಾಡಿ ತಿನ್ನುತ್ತಾರೆ. ಕೆಳಗಿರುವ ಮಂಡಕ್ಕಿ ಎಲ್ಲ ಕಡೆಯೂ ಹೆಚ್ಚುಕಡಿಮೆ ಒಂದೇ. ಬದಲಾಗುವುದು ಮೇಲೆ ಬೀಳುವ ವಸ್ತು. ಹಾಗಾದರೆ ಪೋಷಕಾಂಶ ಎಲ್ಲಿ ಬದಲಾಗುತ್ತದೆ? ಈ ಒಂದು ಪ್ರಶ್ನೆಯ ಮೇಲೆ ಪಾಠ ಕಟ್ಟಿದೆ. ಐದು ಚೀಟಿ ಸಿದ್ಧಪಡಿಸಿಕೊಂಡೆ.

1. ಕಲಬುರಗಿ ಸೀಮೆಯ ಸುಸಲಾ: ಮಂಡಕ್ಕಿಯನ್ನು ನೀರಿನಲ್ಲಿ ಅದ್ದಿ ಹಿಂಡಿ, ಉಳ್ಳಾಗಡ್ಡಿ, ಹಸಿಮೆಣಸಿನಕಾಯಿ, ಅರಿಶಿಣದ ಒಗ್ಗರಣೆಯಲ್ಲಿ ಕಲೆಸಿ, ಪುಟಾಣಿ ಹಿಟ್ಟು, ಕೊತ್ತಂಬರಿ ಉದುರಿಸುವುದು, ಜೊತೆಗೆ ಮಿರ್ಚಿ. ಬಳ್ಳಾರಿ, ಕೊಪ್ಪಳದ ಕಡೆ ಇದನ್ನೇ ಒಗ್ಗರಣೆ ಎನ್ನುತ್ತಾರೆ. ಆಂಧ್ರದ ಕರ್ನೂಲು, ಅನಂತಪುರದಲ್ಲಿ ಇದು ಉಗ್ಗಾನಿ.

2. ಹುಬ್ಬಳ್ಳಿ-ಧಾರವಾಡದ ಗಿರಮಿಟ್: ಉಳ್ಳಾಗಡ್ಡಿ, ಟೊಮ್ಯಾಟೊ, ಹುಣಸೆಹುಳಿ, ಬೆಲ್ಲದ ಗೊಜ್ಜಿನಲ್ಲಿ ಒಣ ಮಂಡಕ್ಕಿ ಕಲೆಸಿ, ಮೇಲೆ ಪುಟಾಣಿ ಹಿಟ್ಟು, ಹಸಿ ಉಳ್ಳಾಗಡ್ಡಿ, ಸೇವು.

3. ದಾವಣಗೆರೆಯ ಖಾರ ಮಂಡಕ್ಕಿ: ನೆನೆಸದ ಮಂಡಕ್ಕಿಗೆ ಬೆಳ್ಳುಳ್ಳಿ, ಶೇಂಗಾ, ಪುಟಾಣಿಯ ಒಗ್ಗರಣೆ, ಪಕ್ಕದಲ್ಲಿ ಮೆಣಸಿನಕಾಯಿ ಬಜ್ಜಿ.

4. ಮೈಸೂರಿನ ಚುರುಮುರಿ: ತುರಿದ ಗಜ್ಜರಿ, ಈರುಳ್ಳಿ, ಟೊಮ್ಯಾಟೊ, ಕೊತ್ತಂಬರಿ, ನಿಂಬೆರಸ, ಖಾರದಪುಡಿ, ಕಾಗದದ ಪೊಟ್ಟಣದಲ್ಲಿ.

5. ಮಂಗಳೂರು ಕರಾವಳಿಯ ಚರುಮುರಿ: ತೆಂಗಿನೆಣ್ಣೆ, ಮಾವಿನಕಾಯಿ ಚೂರು, ಗಜ್ಜರಿ, ಈರುಳ್ಳಿ, ಖಾರದಪುಡಿ.

ಪರೀಕ್ಷೆಗೆ ಅಯೋಡಿನ್ ದ್ರಾವಣ, ತಾಮ್ರದ ಸಲ್ಫೇಟ್, ಕಾಸ್ಟಿಕ್ ಸೋಡಾ ದ್ರಾವಣಗಳು, ಪ್ರನಾಳಗಳು, ಬಿಳಿ ಹಾಳೆಗಳು. ತಿನ್ನುವ ತಟ್ಟೆ ಬೇರೆ, ಪರೀಕ್ಷೆಯ ತಟ್ಟೆ ಬೇರೆ. ಕಾಸ್ಟಿಕ್ ಸೋಡಾ ಚರ್ಮ ಸುಡುವುದರಿಂದ ಅದನ್ನು ನಾನೇ ಹಾಕುವುದೆಂದು ಮೊದಲೇ ಹೇಳಿದೆ.

ಬೋಧನಾ-ಕಲಿಕಾ ಪ್ರಕ್ರಿಯೆ

ಪಾಠದ ಆರಂಭದಲ್ಲಿ ಹಳೆಯ ನಕ್ಷೆಯನ್ನು ತೋರಿಸಿ, “ಇದರಲ್ಲಿ ಸುಸಲಾದ ಬಗ್ಗೆ ನಾನು ಪರೀಕ್ಷೆ ಮಾಡದೆ ಬರೆದಿದ್ದೆ, ಅದು ನನ್ನ ತಪ್ಪು. ಇವತ್ತು ಎಲ್ಲರೂ ಸೇರಿ ಪರೀಕ್ಷಿಸೋಣ” ಎಂದು ಹೇಳಿದೆ. ಹುಡುಗಿಯ ಹೆಸರನ್ನು ಎತ್ತಲಿಲ್ಲ.

ಕಪ್ಪುಹಲಗೆಯ ಮೇಲೆ ‘ಮಂಡಕ್ಕಿ’ ಎಂದು ಬರೆದಾಗ ಕೆಲವರು ಸುಮ್ಮನೆ ನೋಡಿದರು. ವಸ್ತುವನ್ನು ಕೈಯಲ್ಲಿ ಹಿಡಿದು ತೋರಿಸಿದಾಗ, “ಇದಕ್ಕ ನಾವು ಚುರಮುರಿ ಅಂತೀವ್ರಿ” ಎಂದು ಒಬ್ಬ, “ಮಂಡಾಳರಿ” ಎಂದು ಇನ್ನೊಬ್ಬ. ಮನೆಯಲ್ಲಿ ಉರ್ದು ಆಡುವವರು ಮುರಮುರಾ ಎಂದರು, ತೆಲುಗು ಆಡುವವರು ಮರಮರಾಲು ಎಂದರು. ತೆಲಂಗಾಣದ ಗಡಿಗೆ ಹತ್ತಿರದ ನಮ್ಮ ತಾಲೂಕಿನಲ್ಲಿ ಒಂದೇ ತರಗತಿಯಲ್ಲಿ ಇಷ್ಟು ಹೆಸರು ಸಿಗುತ್ತವೆ. ಎಲ್ಲವನ್ನೂ ಹಲಗೆಯ ಮೇಲೆ ಬರೆದೆ. ಮೊದಲ ಪಾಠದಲ್ಲಿ ಕೈ ಎತ್ತದಿದ್ದ ಮಕ್ಕಳೂ ಇಲ್ಲಿ ಮಾತಾಡಿದರು.

ಮಂಡಕ್ಕಿ ಹೇಗೆ ಅರಳುತ್ತದೆ ಎಂಬುದನ್ನು ಚಿಕ್ಕದಾಗಿ ವಿವರಿಸಿದೆ. ಕುದಿಸಿ ಒಣಗಿಸಿದ ಅಕ್ಕಿಯನ್ನು ಕಾದ ಮರಳಿನಲ್ಲಿ ಹುರಿದಾಗ ಕಾಳಿನೊಳಗಿನ ನೀರಿನಂಶ ಆವಿಯಾಗಿ ಹಿಗ್ಗಿ ಕಾಳನ್ನು ಉಬ್ಬಿಸುತ್ತದೆ.

ನಂತರ ಗುಂಪುಗಳಲ್ಲಿ ಪರೀಕ್ಷೆಗಳು ನಡೆದವು. ಮಂಡಕ್ಕಿಯ ಮೇಲೆ ಅಯೋಡಿನ್ ಬಿದ್ದ ತಕ್ಷಣ ಕಡುನೀಲಿ ಬಣ್ಣ ಬಂತು: ಪಿಷ್ಟ ಇದೆ. ಪುಟಾಣಿ ಹಿಟ್ಟಿಗೂ ಅದೇ ಬಣ್ಣ ಬಂದಾಗ ಮಕ್ಕಳು ಗೊಂದಲಪಟ್ಟರು, ಏಕೆಂದರೆ ‘ಬೇಳೆಕಾಳು ಎಂದರೆ ಪ್ರೋಟೀನ್’ ಎಂದು ಬಾಯಿಪಾಠ ಮಾಡಿದ್ದರು. ಒಂದು ಆಹಾರದಲ್ಲಿ ಹಲವು ಘಟಕಗಳಿರುತ್ತವೆ ಎಂಬುದನ್ನು ನಾನು ಹೇಳುವ ಮೊದಲೇ ಅವರು ಕಂಡರು. ಶೇಂಗಾ ಕಾಳನ್ನು ಹಾಳೆಯ ಮೇಲೆ ಜಜ್ಜಿದಾಗ ಎಣ್ಣೆಯ ಕಲೆ ಮೂಡಿತು; ಬೆಳಕಿಗೆ ಹಿಡಿದರೆ ಕಲೆಯಾದ ಜಾಗ ಅರೆಪಾರದರ್ಶಕ.

ಉಳ್ಳಾಗಡ್ಡಿಯ ಮೇಲೆ ಅಯೋಡಿನ್ ಹಾಕಿದಾಗ ನೀಲಿ ಬರಲಿಲ್ಲ, ಹಾಳೆಯ ಮೇಲೆ ಎಣ್ಣೆಯ ಕಲೆಯೂ ಬೀಳಲಿಲ್ಲ. “ಇದರಾಗ ಏನೂ ಇಲ್ರಿ” ಎಂದು ಒಂದು ಗುಂಪು ಬರೆಯಿತು. ನಾವು ಹುಡುಕಿದ್ದು ಪಿಷ್ಟ ಮತ್ತು ಕೊಬ್ಬು ಮಾತ್ರ. ವಿಟಮಿನ್, ಖನಿಜ, ನಾರು ಈ ಪರೀಕ್ಷೆಗಳಿಗೆ ಕಾಣುವುದಿಲ್ಲ ಎಂದು ತಿದ್ದಬೇಕಾಯಿತು. ನಿಂಬೆ, ಮಾವಿನಕಾಯಿ, ಹಸಿಮೆಣಸಿನಕಾಯಿಗಳಲ್ಲಿ ವಿಟಮಿನ್ ಸಿ ಇದೆ, ಕಾಯಿಸಿದರೆ ಅದು ಕಡಿಮೆಯಾಗುತ್ತದೆ, ಆದ್ದರಿಂದ ನಿಂಬೆಯನ್ನು ಕೊನೆಗೆ ಹಿಂಡುವುದು ಒಳ್ಳೆಯದು ಎಂಬ ಮಾತು ಇಲ್ಲಿ ಬಂತು.

ಕೆಟ್ಟ ಪ್ರಯೋಗ

ಪ್ರೋಟೀನ್ ಪರೀಕ್ಷೆಗೆ ನಾನು ಆತುರದಲ್ಲಿ ಕಲೆಸಿದ ಸುಸಲಾವನ್ನೇ ಪ್ರನಾಳಕ್ಕೆ ಹಾಕಿದೆ. ತಾಮ್ರದ ಸಲ್ಫೇಟ್, ನಂತರ ಕಾಸ್ಟಿಕ್ ಸೋಡಾ. ನೇರಳೆ ಬರಬೇಕಿತ್ತು, ಕೆಂಪುಮಿಶ್ರಿತ ಕಂದು ಬಂತು. “ಮೇಡಂ, ನೇರಳೆ ಎಲ್ಲದರಿ?” ಎಂದ ಒಬ್ಬ. ನನಗೆ ಉತ್ತರ ಹೊಳೆಯಲಿಲ್ಲ. ಆಗ ಒಬ್ಬ ಹುಡುಗಿ, “ಅರಿಶಿಣ ಹತ್ತಿದ ಅರಬಿಗಿ ಸಾಬಾನ ಹಚ್ಚಿದ್ರ ಕೆಂಪ ಆಗ್ತದಲ್ರಿ, ಹಂಗ ಆಗೇದ” ಎಂದಳು. ಅವಳು ಹೇಳಿದ್ದೇ ಸರಿ. ಅರಿಶಿಣ ಪ್ರತ್ಯಾಮ್ಲದಲ್ಲಿ ಕೆಂಪಾಗುತ್ತದೆ. ಆ ಬಣ್ಣ ನೇರಳೆಯನ್ನು ಮುಚ್ಚಿತ್ತು. ಒಗ್ಗರಣೆ ಸೇರದ ಪುಟಾಣಿ ಹಿಟ್ಟಿನಲ್ಲಿ ಪರೀಕ್ಷೆ ಮತ್ತೆ ಮಾಡಿದಾಗ ತಿಳಿ ನೇರಳೆ ಬಂತು. ಮಿಶ್ರಣವನ್ನಲ್ಲ, ಅದರ ಒಂದೊಂದು ಭಾಗವನ್ನು ಬೇರೆಬೇರೆಯಾಗಿ ಪರೀಕ್ಷಿಸಬೇಕೆಂಬ ನಿಯಮ ಹೀಗೆ ತರಗತಿಯಿಂದಲೇ ಹೊರಬಂತು.

ಪುಟಾಣಿ ಹಿಟ್ಟಿನ ಲೆಕ್ಕ

“ಸುಸಲಾಕ್ಕೆ ಪುಟಾಣಿ ಹಿಟ್ಟು ಯಾಕೆ ಹಾಕುತ್ತಾರೆ?” ಎಂದು ಕೇಳಿದೆ. ರುಚಿಗೆ ಎಂದರು ಹಲವರು. ಬಂಡಿಯವರ ಮಗಳು ಅಂದು ಮೊದಲ ಸಲ ಕೈ ಎತ್ತಿದಳು: “ನೆನಸಿದ್ದು ಮೆತ್ತಗಿರ್ತದ್ರಿ. ಹಿಟ್ಟ ಹಾಕಿದ್ರ ನೀರ ಹೀರ್ಕೋತದ, ಉದುರು ಉದುರಾಗ್ತದ. ಇಲ್ಲಂದ್ರ ಮುದ್ದಿ ಆಗ್ತದ.” ಇದು ನನ್ನ ಪಾಠಯೋಜನೆಯಲ್ಲಿರಲಿಲ್ಲ. ಅವಳ ಉತ್ತರವನ್ನು ಹಲಗೆಯ ಮೇಲೆ ಬರೆದು, ಅದರ ಕೆಳಗೆ ಎರಡನೆಯ ಕಾರಣವಾಗಿ ಪೋಷಕಾಂಶದ ಲೆಕ್ಕ ಬರೆದೆ.

ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆಯ ಕೋಷ್ಟಕದಂತೆ 100 ಗ್ರಾಂ ಮಂಡಕ್ಕಿಯಲ್ಲಿ ಪ್ರೋಟೀನ್ 7.5 ಗ್ರಾಂ, ಪುಟಾಣಿಯಲ್ಲಿ 22.5 ಗ್ರಾಂ, ಶೇಂಗಾದಲ್ಲಿ 25.3 ಗ್ರಾಂ. ಒಂದು ತಟ್ಟೆಗೆ 50 ಗ್ರಾಂ ಮಂಡಕ್ಕಿ, 20 ಗ್ರಾಂ ಪುಟಾಣಿ ಹಿಟ್ಟು ಎಂದುಕೊಂಡರೆ ಮಂಡಕ್ಕಿಯಿಂದ 3.75 ಗ್ರಾಂ, ಹಿಟ್ಟಿನಿಂದ 4.5 ಗ್ರಾಂ ಪ್ರೋಟೀನ್. ಮಂಡಕ್ಕಿಯ ಅರ್ಧದಷ್ಟೂ ತೂಕವಿಲ್ಲದ ಹಿಟ್ಟು ಅದಕ್ಕಿಂತ ಹೆಚ್ಚು ಕೊಟ್ಟಿತು. ಅಕ್ಕಿಯ ಪ್ರೋಟೀನಿನಲ್ಲಿ ಕೊರತೆಯಿರುವ ಲೈಸಿನ್ ಕಡಲೆಯಲ್ಲಿ ಚೆನ್ನಾಗಿರುವುದರಿಂದ ಎರಡೂ ಒಂದನ್ನೊಂದು ತುಂಬಿಕೊಡುತ್ತವೆ. ಗುಣಾಕಾರ ಮಾಡಿದವರು ಮಕ್ಕಳೇ.

ಹಾಗೆಂದು ಸುಸಲಾ-ಮಿರ್ಚಿಯನ್ನು ಎತ್ತಿ ‘ಒಳ್ಳೆಯ’ ಕಂಬಸಾಲಿಗೆ ಹಾಕಲಿಲ್ಲ. ಮಿರ್ಚಿಯನ್ನು ಬಿಳಿ ಹಾಳೆಯ ಮೇಲಿಟ್ಟಾಗ ಬಿದ್ದ ಕಲೆ ಎಲ್ಲಕ್ಕಿಂತ ದೊಡ್ಡದು. ಮತ್ತೆಮತ್ತೆ ಕಾಯಿಸಿದ ಎಣ್ಣೆಯ ಬಗ್ಗೆ, ಉಪ್ಪಿನ ಬಗ್ಗೆ ಮಾತಾಡಿದೆವು. ಆ ಕಲೆಯನ್ನು ನೋಡುತ್ತ ಒಬ್ಬ ಹುಡುಗ, “ಹಂಗಾದ್ರ ನ್ಯೂಸ್ ಪೇಪರಿನ ಮಸಿನೂ ಎಣ್ಣಿಗಿ ಹತ್ತತದೇನ್ರಿ?” ಎಂದು ಕೇಳಿದ. ಹೌದು, ಈ ಕಾರಣಕ್ಕೇ ಭಾರತೀಯ ಆಹಾರ ಸುರಕ್ಷತೆ ಮತ್ತು ಗುಣಮಟ್ಟ ಪ್ರಾಧಿಕಾರ ಸುದ್ದಿಪತ್ರಿಕೆಯಲ್ಲಿ ಆಹಾರ ಕಟ್ಟಬಾರದೆಂದು 2016ರಲ್ಲೇ ಸಲಹೆ ನೀಡಿದೆ ಎಂದು ತಿಳಿಸಿದೆ. ತಿನಿಸು ಕೆಟ್ಟದ್ದೋ ಒಳ್ಳೆಯದೋ ಎಂಬ ಪ್ರಶ್ನೆ ಹೀಗೆ, ಅದರಲ್ಲಿ ಏನಿದೆ, ಯಾವುದು ಹೆಚ್ಚಾಯಿತು, ಯಾವುದರಲ್ಲಿ ಕಟ್ಟಿದರು ಎಂಬ ಚಿಕ್ಕ ಪ್ರಶ್ನೆಗಳಾಗಿ ಒಡೆಯಿತು.

ಚೀಟಿಗಳ ಹೋಲಿಕೆ

ಎರಡನೆಯ ಅವಧಿಯಲ್ಲಿ ಐದು ಗುಂಪುಗಳಿಗೆ ಐದು ಚೀಟಿ ಹಂಚಿದೆ. ಪ್ರತಿ ವಸ್ತುವಿನ ಎದುರು ಅದರ ಮುಖ್ಯ ಘಟಕವನ್ನು ಬರೆಯುವುದು ಕೆಲಸ. ಕರಾವಳಿಯ ಗುಂಪು ತೆಂಗಿನೆಣ್ಣೆಯ ಎದುರು ಕೊಬ್ಬು, ಮಾವಿನಕಾಯಿಯ ಎದುರು ವಿಟಮಿನ್ ಸಿ ಎಂದು ಬರೆದು, “ಇದಕ್ಕ ಪ್ರೋಟೀನ್ ಕಮ್ಮಿ ಅದರಿ, ಶೇಂಗಾ ಹಾಕಬೇಕು” ಎಂದಿತು. ನಮ್ಮ ಸುಸಲಾದ ಗುಂಪು, ಗಜ್ಜರಿಯಾಗಲಿ ನಿಂಬೆಯಾಗಲಿ ಇಲ್ಲ, ಮೈಸೂರಿನವರಿಂದ ತೆಗೆದುಕೊಳ್ಳಬಹುದು ಎಂದು ಬರೆಯಿತು. ಯಾವ ಊರಿನದು ಮೇಲು ಎಂಬ ವಾದ ಶುರುವಾದಾಗ, ಪ್ರತಿ ಗುಂಪೂ ತನ್ನ ಚೀಟಿಯಲ್ಲಿ ಇಲ್ಲದ್ದನ್ನು ಒಂದು ವಾಕ್ಯದಲ್ಲಿ ಹೇಳಬೇಕೆಂದೆ. ವಾದ ಅಲ್ಲಿಗೆ ತಣ್ಣಗಾಯಿತು.

ಮೌಲ್ಯಮಾಪನ: ಕಾಣದ ತಿನಿಸಿನ ಚೀಟಿ

ಕಲಿತದ್ದನ್ನು ಹೊಸ ಸನ್ನಿವೇಶಕ್ಕೆ ಅನ್ವಯಿಸುತ್ತಾರೆಯೇ ಎಂದು ನೋಡಲು, ಮಕ್ಕಳು ತಿಂದಿರದ ಒಂದು ತಿನಿಸು ಬೇಕಿತ್ತು. ಆರನೆಯ ಚೀಟಿಯಲ್ಲಿ ಅಮೆರಿಕದ ಹಾಟ್ ಡಾಗ್ ಇಟ್ಟೆ. ಹೆಸರು ಓದಿದ ಕೂಡಲೇ “ನಾಯಿ ಮಾಂಸ ಏನ್ರಿ?” ಎಂಬ ಕೂಗೆದ್ದಿತು. ಅದು ಹೆಸರು ಮಾತ್ರ, ಉದ್ದನೆಯ ಬನ್ನಿನ ನಡುವೆ ಮಾಂಸದ ಸಾಸೇಜ್ ಇಟ್ಟು ಮಾಡುವ ಬೀದಿ ತಿನಿಸು ಎಂದು ವಿವರಿಸಿದೆ. ಅಲ್ಲಿಯೂ ಊರಿಗೊಂದು ರೀತಿ: ನ್ಯೂಯಾರ್ಕಿನಲ್ಲಿ ಸಾಸಿವೆ ಗೊಜ್ಜು, ಉಪ್ಪಿನಲ್ಲಿ ಹುಳಿಯಿಸಿದ ಎಲೆಕೋಸು, ಈರುಳ್ಳಿ, ಷಿಕಾಗೋದಲ್ಲಿ ಗಸಗಸೆ ಉದುರಿಸಿದ ಬನ್ನು, ಸಾಸಿವೆ ಗೊಜ್ಜು, ಈರುಳ್ಳಿ, ಟೊಮ್ಯಾಟೊ ಹೋಳು, ಸೌತೆಯ ಉಪ್ಪಿನಕಾಯಿ, ಖಾರದ ಮೆಣಸಿನಕಾಯಿ. ಷಿಕಾಗೋದ ಪದ್ಧತಿಯಲ್ಲಿ ಟೊಮ್ಯಾಟೊ ಕೆಚಪ್ ಹಾಕುವುದಿಲ್ಲ.

ಬಹುಪಾಲು ಮಕ್ಕಳು ಬನ್ನಿಗೆ ಪಿಷ್ಟ, ಸಾಸೇಜಿಗೆ ಪ್ರೋಟೀನ್ ಮತ್ತು ಕೊಬ್ಬು, ಟೊಮ್ಯಾಟೊಗೆ ವಿಟಮಿನ್ ಎಂದು ಸರಿಯಾಗಿ ಬರೆದರು. ಕೆಲವರು ಉಪ್ಪಿನಲ್ಲಿಟ್ಟ ಪದಾರ್ಥಗಳಿಂದ ಉಪ್ಪು ಹೆಚ್ಚಾಗುತ್ತದೆ ಎಂದೂ ಗುರುತಿಸಿದರು. ಯಾರೊಬ್ಬರೂ ಅದನ್ನು ಕೆಟ್ಟದ್ದು ಎಂದು ಬರೆದು ಕೈತೊಳೆದುಕೊಳ್ಳಲಿಲ್ಲ.

ಮನೆಗೆಲಸವಾಗಿ, ಮನೆಯಲ್ಲಿ ತೊಗರಿಬೇಳೆ ಸೇರುವ ಅಡುಗೆಗಳ ಪಟ್ಟಿ ಮಾಡಿ ಘಟಕಗಳನ್ನು ಬರೆಯಲು ಹೇಳಿದೆ. ಕಲಬುರಗಿ ತೊಗರಿಗೆ 2019ರಲ್ಲಿ ಭೌಗೋಳಿಕ ಸೂಚಕ ಸಿಕ್ಕಿದ್ದನ್ನು ಆಗ ತಿಳಿಸಿದೆ.

ಸಹ ಪ್ರಶಿಕ್ಷಣಾರ್ಥಿಗಳಿಗೆ

ಮೊದಲನೆಯದಾಗಿ, ಪರಿಸರದಿಂದ ಉದಾಹರಣೆ ಆರಿಸುವಾಗ ಅದು ತರಗತಿಯ ಯಾವುದೋ ಮನೆಯ ದುಡಿಮೆಯಾಗಿರಬಹುದು ಎಂಬುದನ್ನು ನೆನಪಿಡಬೇಕು. ಪಾಠಕ್ಕೆ ಮೊದಲು ತರಗತಿ ಶಿಕ್ಷಕರನ್ನು ಒಂದು ಮಾತು ಕೇಳಿದರೆ ಸಾಕು. ಎರಡನೆಯದಾಗಿ, ಬಣ್ಣ ನೋಡಿ ಹೇಳುವ ಪರೀಕ್ಷೆಗಳನ್ನು ಅರಿಶಿಣ, ಖಾರದಪುಡಿ ಸೇರದ ವಸ್ತುಗಳ ಮೇಲೆ ಹಿಂದಿನ ದಿನವೇ ಒಮ್ಮೆ ಮಾಡಿ ನೋಡಬೇಕು. ಮೂರನೆಯದಾಗಿ, ಪಠ್ಯದ ಪದದ ಜೊತೆ ಮಕ್ಕಳ ಮನೆಯ ಪದವನ್ನೂ ಹಲಗೆಯ ಮೇಲೆ ಬರೆಯಬೇಕು. ನಾಲ್ಕನೆಯದಾಗಿ, ಆರೋಗ್ಯದ ಪಾಠದಲ್ಲಿ ತೀರ್ಪಿನ ಕಂಬಸಾಲುಗಳು ಪರೀಕ್ಷೆಯ ನಂತರ ಬರಲಿ. ಅವುಗಳನ್ನು ಮಕ್ಕಳೇ ತುಂಬಲಿ.

ಬೋಧನಾಭ್ಯಾಸದ ಕೊನೆಯ ದಿನ ಆ ಹುಡುಗಿಯ ನೋಟುಪುಸ್ತಕ ತಿದ್ದುವಾಗ, ಸುಸಲಾದ ಪುಟದಲ್ಲಿ ಪುಟಾಣಿ ಹಿಟ್ಟಿನ ಎದುರು ಅವಳು ಎರಡೂ ಕಾರಣಗಳನ್ನು ಬರೆದಿದ್ದಳು: ನೀರು ಹೀರುತ್ತದೆ, ಪ್ರೋಟೀನ್ ಇದೆ. ಕೆಳಗೆ ಪೆನ್ಸಿಲಿನಲ್ಲಿ, ‘ಅವ್ವಗ ಹೇಳೀನಿ, ಪೇಪರ್ ಬದಲು ಎಲಿ ತರಬೇಕಂತ’ ಎಂದಿತ್ತು. ಸರಿ ಗುರುತು ಹಾಕಿ ಸಹಿ ಮಾಡಿದೆ.