ಮೋಟಾರು ಎಂಜಿನಿನ ಸರಪಳಿ ಉದ್ದವಾಗುವುದೇಕೆ?

ತುಮಕೂರಿನ ಅಂತರಸನಹಳ್ಳಿ ಕೈಗಾರಿಕಾ ಪ್ರದೇಶವು ಬೆಂಗಳೂರು–ಪುಣೆ ಹೆದ್ದಾರಿಯ ಮಗ್ಗುಲಲ್ಲಿದೆ. ಇಂಥ ಹೆದ್ದಾರಿಗಳ ಬದಿಯ ಗ್ಯಾರೇಜುಗಳಲ್ಲಿ ಹಳೆಯ ಕಾರುಗಳ ವಿಚಾರವಾಗಿ ಆಗಾಗ ಕೇಳಿಬರುವ ಮಾತೊಂದುಂಟು: “ಟೈಮಿಂಗ್ ಚೈನು ಎಳೆದುಕೊಂಡಿದೆ.” ಉಕ್ಕು ರಬ್ಬರಿನಂತೆ ಎಳೆದಷ್ಟೂ ಹಿಗ್ಗುವ ವಸ್ತುವಲ್ಲ, ಸಾಧಾರಣ ಭಾರಕ್ಕೆ ಅತ್ಯಲ್ಪ ಹಿಗ್ಗಿ, ಭಾರ ತೆಗೆದೊಡನೆ ಮೊದಲಿನಂತಾಗುತ್ತದೆ. ಹಾಗಿದ್ದರೂ ಹಳೆಯ ಸರಪಳಿ ಹೊಸದಕ್ಕಿಂತ ಉದ್ದವಾಗಿರುವುದು ನಿಜ. ಇದರ ಕಾರಣವನ್ನು ಅರಿತರೆ ಪರಿಹಾರವೂ ತಾನಾಗಿ ತಿಳಿಯುತ್ತದೆ.

ಮೊದಲು ಈ ಸರಪಳಿಯ ಕೆಲಸವೇನೆಂಬುದನ್ನು ನೋಡೋಣ. ಪಿಸ್ಟನ್ನುಗಳು ಕ್ರ್ಯಾಂಕ್ ದಂಡವನ್ನು ತಿರುಗಿಸುತ್ತವೆ. ಇಂಧನದ ಮಿಶ್ರಣವನ್ನು ಒಳಗೆ ಬಿಡುವ ಮತ್ತು ಸುಟ್ಟ ಅನಿಲವನ್ನು ಹೊರಹಾಕುವ ಕವಾಟಗಳನ್ನು ಕ್ಯಾಮ್ ದಂಡವು ತೆರೆಯುತ್ತದೆ. ನಾಲ್ಕು ಹೊಡೆತದ ಎಂಜಿನಿನಲ್ಲಿ ಕ್ರ್ಯಾಂಕ್ ದಂಡ ಎರಡು ಸುತ್ತು ತಿರುಗುವಷ್ಟರಲ್ಲಿ ಕ್ಯಾಮ್ ದಂಡ ಒಂದೇ ಸುತ್ತು ತಿರುಗಬೇಕು. ಎಂಜಿನು ನಿಮಿಷಕ್ಕೆ 3000 ಸುತ್ತು ತಿರುಗುತ್ತಿದ್ದರೆ ಒಂದೊಂದು ಕವಾಟವೂ ಸೆಕೆಂಡಿಗೆ 25 ಸಲ ತೆರೆದು ಮುಚ್ಚಬೇಕಾಗುತ್ತದೆ. ಈ ತಾಳವನ್ನು ಕಾಯುವುದೇ ಟೈಮಿಂಗ್ ಚೈನು. 2014ರಲ್ಲಿ ತಯಾರಿಕೆ ನಿಂತ ಅಂಬಾಸಡರ್ ಕಾರಿನ ಹಳೆಯ 1489 ಘನ ಸೆಂಟಿಮೀಟರಿನ ಪೆಟ್ರೋಲ್ ಎಂಜಿನಿನಲ್ಲಿಯೂ ಇಂಥ ಸರಪಳಿಯೇ ಇದ್ದಿತು.

1880ರಲ್ಲಿ ಹ್ಯಾನ್ಸ್ ರೆನಾಲ್ಡ್ ಎಂಬಾತನು ಇಂಗ್ಲೆಂಡಿನ ಮ್ಯಾಂಚೆಸ್ಟರಿನಲ್ಲಿ ರೂಪಿಸಿದ ಬುಶ್ ಮತ್ತು ರೋಲರುಗಳುಳ್ಳ ಸರಪಳಿಯೇ ಇವುಗಳ ಮೂಲ. ಅದರ ಪ್ರತಿಯೊಂದು ಕೀಲಿನಲ್ಲಿಯೂ ಒಂದು ಪಿನ್ನು ಒಂದು ಬುಶ್ಶಿನೊಳಗೆ ಕುಳಿತಿರುತ್ತದೆ. ಸರಪಳಿಯು ಹಲ್ಲುಚಕ್ರವನ್ನು ಏರುವಾಗಲೂ ಬಿಡುವಾಗಲೂ ಕೀಲು ಬಾಗಿ, ಪಿನ್ನು ಬುಶ್ಶಿಗೆ ಉಜ್ಜುತ್ತದೆ. ಎಣ್ಣೆಯ ಪದರ ಇವೆರಡನ್ನೂ ಬೇರ್ಪಡಿಸಬೇಕು. ಎಣ್ಣೆ ಹಳತಾಗಿ ಅದರಲ್ಲಿ ಮಸಿಯೂ ಧೂಳೂ ಸೇರಿಕೊಂಡರೆ ಅದು ಉಜ್ಜುಪುಡಿಯಂತೆ ವರ್ತಿಸುತ್ತದೆ. ಆಗ ಕೊಂಡಿಯ ಉಕ್ಕು ಹಿಗ್ಗುವುದಿಲ್ಲ. ಕೀಲುಗಳು ಸವೆದು, ಅಲ್ಲಿನ ಸಡಿಲವೆಲ್ಲ ಉದ್ದವಾಗಿ ಕಾಣಿಸಿಕೊಳ್ಳುತ್ತದೆ.

ಒಂದು ಲೆಕ್ಕವನ್ನು ಮಾಡೋಣ. ಕೀಲಿನಿಂದ ಕೀಲಿಗೆ 9.525 ಮಿಲಿಮೀಟರ್ ಅಂತರವಿರುವ, 52 ಕೀಲುಗಳ ಸರಪಳಿಯೊಂದನ್ನು ಭಾವಿಸಿಕೊಳ್ಳಿ. ಕ್ರ್ಯಾಂಕಿನ ಚಕ್ರಕ್ಕೆ 20 ಹಲ್ಲು, ಕ್ಯಾಮಿನ ಚಕ್ರಕ್ಕೆ 40 ಹಲ್ಲು ಇರಲಿ. ಒಂದೊಂದು ಕೀಲು ತೆಳ್ಳನೆಯ ಕೂದಲೆಳೆಯಷ್ಟು, ಎಂದರೆ 0.05 ಮಿಲಿಮೀಟರ್ ಮಾತ್ರ ಸವೆದಿದೆಯೆನ್ನೋಣ. ಇಡೀ ಸರಪಳಿ 2.6 ಮಿಲಿಮೀಟರ್ ಉದ್ದವಾಯಿತು. ಎರಡು ಚಕ್ರಗಳ ನಡುವೆ ಬಿಗಿಯಾಗಿ ಎಳೆಯುವ ಭಾಗದಲ್ಲಿ 11 ಕೀಲುಗಳಿದ್ದರೆ ಅಲ್ಲಿನ ಹೆಚ್ಚಳ 0.55 ಮಿಲಿಮೀಟರ್. ಕ್ಯಾಮ್ ಚಕ್ರದ ತ್ರಿಜ್ಯ ಸುಮಾರು 60.6 ಮಿಲಿಮೀಟರ್ ಆಗುವುದರಿಂದ ಅದು ಸುಮಾರು ಅರ್ಧ ಡಿಗ್ರಿ ಹಿಂದೆ ಬೀಳುತ್ತದೆ. ಕ್ರ್ಯಾಂಕಿನ ಅಳತೆಯಲ್ಲಿ ಇದು 1 ಡಿಗ್ರಿ. ಕ್ಯಾಮ್ ದಂಡ ಎಂಜಿನಿನ ತಲೆಯ ಮೇಲಿದ್ದರೆ ಸರಪಳಿ ಬಹಳ ಉದ್ದವಿರಬೇಕಾಗುತ್ತದೆ. ಬಿಗಿ ಭಾಗದಲ್ಲಿ 40 ಕೀಲುಗಳಿದ್ದರೆ ಅಷ್ಟೇ ಸವೆತದಿಂದ ಸುಮಾರು 4 ಡಿಗ್ರಿ ವಿಳಂಬವಾಗುವುದು. ಕೀಲೊಂದರ ಸವೆತ ಅಲ್ಪವಾದರೂ ಅದರ ಮೊತ್ತ ಅಲ್ಪವಲ್ಲ.

ವಿಳಂಬ ಹೆಚ್ಚಿದಂತೆ ಒಳಗವಾಟವು ತಡವಾಗಿ ಮುಚ್ಚುತ್ತದೆ. ನಿಧಾನ ವೇಗದಲ್ಲಿ, ಒಳಗೆ ಬಂದ ಮಿಶ್ರಣದಲ್ಲಿ ಒಂದು ಪಾಲು ಹಿಂದಕ್ಕೆ ಹೋಗಿ, ದಿಬ್ಬವೇರುವಾಗ ಎಳೆತ ಕುಗ್ಗುತ್ತದೆ. ಹಳೆಯ ಎಂಜಿನುಗಳಲ್ಲಿ ಕಿಡಿ ಹಂಚುವ ಡಿಸ್ಟ್ರಿಬ್ಯೂಟರನ್ನೂ ಕ್ಯಾಮ್ ದಂಡವೇ ತಿರುಗಿಸುವುದರಿಂದ ಕಿಡಿಯೂ ತಡವಾಗುತ್ತದೆ. ಡಿಸ್ಟ್ರಿಬ್ಯೂಟರನ್ನು ಸ್ವಲ್ಪ ತಿರುಗಿಸಿದರೆ ಕಿಡಿ ಸರಿಹೋಗಿ ಕಾರು ಚೇತರಿಸಿಕೊಂಡಂತೆ ತೋರುವುದು. ಕವಾಟಗಳ ವಿಳಂಬ ಮಾತ್ರ ಹಾಗೆಯೇ ಉಳಿಯುತ್ತದೆ. ಲಕ್ಷಣ ಮರೆಯಾಯಿತೇ ಹೊರತು ರೋಗ ವಾಸಿಯಾಗಲಿಲ್ಲ. ಸಡಿಲ ಮಿತಿಮೀರಿ ಸರಪಳಿಯು ಒಂದು ಹಲ್ಲು ಹಾರಿದರೆ ಮೇಲಿನ ಉದಾಹರಣೆಯಲ್ಲಿ 18 ಡಿಗ್ರಿ ತಪ್ಪುತ್ತದೆ. ಇನ್ನೂ ಹೆಚ್ಚು ತಪ್ಪಿದರೆ ಕೆಲವು ಬಗೆಯ ಎಂಜಿನುಗಳಲ್ಲಿ ಪಿಸ್ಟನ್ನು ಕವಾಟಕ್ಕೆ ಬಡಿದು ಎಂಜಿನೇ ಕೆಡುವುದು.

ಪರೀಕ್ಷೆ ಹೇಗೆ? ಎಂಜಿನಿನ ಮುಂಭಾಗದಲ್ಲಿ ಗಲಗಲ ಸದ್ದು ಕೇಳಿಸುವುದು ಮೊದಲ ಸೂಚನೆ. ಬಳಿಕ ಬ್ಯಾಟರಿಯ ತಂತಿ ಬಿಚ್ಚಿ, ಗೇರನ್ನು ನ್ಯೂಟ್ರಲ್ಲಿಗೆ ತಂದು, ಡಿಸ್ಟ್ರಿಬ್ಯೂಟರಿನ ಮುಚ್ಚಳ ತೆಗೆದು, ಕ್ರ್ಯಾಂಕಿನ ಪುಲ್ಲಿಯನ್ನು ಸ್ಪ್ಯಾನರಿನಿಂದ ಓಡುವ ದಿಕ್ಕಿನಲ್ಲಿ ಗುರುತಿನವರೆಗೆ ತಿರುಗಿಸಬೇಕು. ಆಮೇಲೆ ಮೆಲ್ಲನೆ ಹಿಂದಕ್ಕೆ ತಿರುಗಿಸುತ್ತ, ಒಳಗಿನ ರೋಟರು ಅಲುಗುವ ಮೊದಲು ಪುಲ್ಲಿ ಎಷ್ಟು ಡಿಗ್ರಿ ಸರಿಯಿತೆಂದು ನೋಡಬೇಕು. ಹೊಸ ಎಂಜಿನಿನಲ್ಲಿಯೂ ಕೊಂಚ ಸಡಿಲವಿದ್ದೇ ಇರುತ್ತದೆ. ಅದು ಬಹಳ ಹೆಚ್ಚಿದ್ದರೆ ಮುಂಭಾಗದ ಮುಚ್ಚಳ ಬಿಚ್ಚಿ ನೋಡುವುದು ಅಗತ್ಯ.

ಒಂದು ಕೊಂಡಿ ತೆಗೆದು ಸರಪಳಿಯನ್ನು ಗಿಡ್ಡ ಮಾಡಬಾರದೇ ಎಂದು ವಾಚಕರು ಕೇಳಬಹುದು. ಅದರಿಂದ ಫಲವಿಲ್ಲ. ಸವೆತವಿರುವುದು ಎಲ್ಲ ಕೀಲುಗಳಲ್ಲಿ. ಉಳಿದ ಕೀಲುಗಳ ಅಂತರ ಚಕ್ರದ ಹಲ್ಲುಗಳಿಗೆ ಹೊಂದುವುದೇ ಇಲ್ಲ. ಹಳೆಯ ಸರಪಳಿಯೊಡನೆ ಹಲ್ಲುಗಳೂ ಸವೆದಿರುವುದರಿಂದ ಸರಪಳಿ, ಎರಡು ಚಕ್ರಗಳು ಮತ್ತು ಸರಪಳಿಯನ್ನು ಬಿಗಿಹಿಡಿಯುವ ಟೆನ್ಷನರ್, ಇವಿಷ್ಟನ್ನೂ ಒಟ್ಟಿಗೆ ಬದಲಾಯಿಸುವುದು ಉತ್ತಮ. ಗುರುತುಗಳನ್ನು ಸರಿಹೊಂದಿಸಿ, ಎಂಜಿನನ್ನು ಕೈಯಿಂದ ಪೂರ್ಣ ಎರಡು ಸುತ್ತು ತಿರುಗಿಸಿ, ಗುರುತುಗಳು ಮತ್ತೆ ಕೂಡಿದುವೇ ಎಂದು ನೋಡಿದ ನಂತರವೇ ಚಾಲೂ ಮಾಡಬೇಕು. ಮುಂದೆ ಕಾಲಕಾಲಕ್ಕೆ ಎಣ್ಣೆ ಬದಲಾಯಿಸುವುದೇ ಸರಪಳಿಯ ಆಯುಸ್ಸನ್ನು ಹೆಚ್ಚಿಸುವ ಉಪಾಯ.

ವಿದ್ಯಾರ್ಥಿಗಳು ಇದೇ ತತ್ತ್ವವನ್ನು ತಮ್ಮ ಬೈಸಿಕಲ್ಲಿನಲ್ಲಿ ಪರೀಕ್ಷಿಸಬಹುದು. ಸರಪಳಿಯನ್ನು ಬಿಗಿಯಾಗಿ ಹಿಡಿದು, ಒಂದು ಪಿನ್ನಿನ ನಡುವಿನಿಂದ ಮುಂದಿನ 24ನೆಯ ಪಿನ್ನಿನ ನಡುವಿನವರೆಗೆ ಅಳೆಯಿರಿ. ಹೊಸ ಸರಪಳಿಯಲ್ಲಿ ಇದು 304.8 ಮಿಲಿಮೀಟರ್. ನಿಮಗೆ 307.2 ಬಂದರೆ ಹೆಚ್ಚಳ 2.4, ಅದನ್ನು 24ರಿಂದ ಭಾಗಿಸಿದರೆ ಕೀಲೊಂದರ ಸವೆತ 0.1 ಮಿಲಿಮೀಟರ್ ಎಂದು ತಿಳಿಯುತ್ತದೆ. ಕಣ್ಣಿಗೆ ಕಾಣದಷ್ಟು ಸಣ್ಣದನ್ನು ಹೀಗೆ ಸಾಧಾರಣ ಅಳತೆಪಟ್ಟಿಯೊಂದರಿಂದ ಅಳೆಯಬಹುದು.